ಗೃಹಸ್ಥನ ವನವಾಸ

ಬೆಂಗಳೂರಿನ ಅಕ್ಕಿಪೇಟೆಯಂತಹ ಹಳೆಯ ಪೇಟೆಗಳಿಗೆ ಹಳ್ಳಿಯು ಮೂಟೆಯ ರೂಪದಲ್ಲಿ ಬಂದು ಸೇರುವುದು. ಅಕ್ಕಿಯನ್ನೋ ಏಲಕ್ಕಿಯನ್ನೋ ಕಾಫಿಯ ಬೀಜವನ್ನೋ ತೂಗಿಸಿಕೊಳ್ಳುವ ಪಟ್ಟಣದ ಗೃಹಸ್ಥನಿಗೆ, ಅದನ್ನು ಬೆಳೆದ ಗೃಹಸ್ಥನ ಮುಖವು ಕಾಣಿಸುವುದು ಅಪೂರ್ವ. ವಿದ್ಯಾವಂತರ ವಿಷಯದಲ್ಲಂತೂ ಪ್ರವಾಹವು ಬಹುಕಾಲದಿಂದ ಒಂದೇ ಮುಖವಾಗಿ ಹರಿದಿದೆ: ಹಳ್ಳಿಯ ಮನೆತನದಲ್ಲಿ ಹುಟ್ಟಿ, ಪಟ್ಟಣದಲ್ಲಿ ಓದಿ, ಅಲ್ಲಿಯೇ ಉದ್ಯೋಗವನ್ನು ಹಿಡಿದು, ಊರಿನ ತೋಟವನ್ನು ನೆನಪಿನಲ್ಲಿ ಮಾತ್ರ ಉಳಿಸಿಕೊಳ್ಳುವುದು. ಈ ಪ್ರವಾಹಕ್ಕೆ ಇದಿರಾಗಿ ಈಜಿದವರು ಕೆಲವರು, ಅವರಲ್ಲಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಮುಖ್ಯರು. ಲೇಖಕರೆಂದು ಅವರನ್ನು ನಾಡೆಲ್ಲ ಬಲ್ಲುದು. ಹೆಂಡತಿ ಮಕ್ಕಳೊಡನೆ ಮಲೆನಾಡಿನಲ್ಲಿ ಸುಮಾರು ನಾಲ್ಕು ದಶಕಗಳ ಕಾಲ ಬಾಳಿದ ಕೃಷಿಕ ಗೃಹಸ್ಥರೆಂದು ಅವರನ್ನು ನೋಡಿದರೆ, ಆ ಬಾಳಿನ ವೈಶಿಷ್ಟ್ಯವು ಬೇರೊಂದು ಬೆಳಕಿನಲ್ಲಿ ತೋರುವುದು.

ತೇಜಸ್ವಿಯವರು 1938ನೆಯ ಇಸವಿ ಸೆಪ್ಟೆಂಬರ್ 8ರಂದು ತೀರ್ಥಹಳ್ಳಿಯ ಸೀಮೆಯ ಕುಪ್ಪಳಿ ಮನೆತನದಲ್ಲಿ ಜನಿಸಿದರು. ತಂದೆ ಕುವೆಂಪು, ತಾಯಿ ಹೇಮಾವತಿ. ತಂದೆಯವರು ಮೈಸೂರಿನಲ್ಲಿ ಅಧ್ಯಾಪಕರಾಗಿದ್ದು, 1956ರಿಂದ 1960ರ ವರೆಗೆ ಅಲ್ಲಿನ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಅಂತಹ ಮನೆಯಲ್ಲಿ ಬೆಳೆದು, ಕನ್ನಡದಲ್ಲಿ ಎಂ. ಎ. ಪದವಿಯನ್ನು ಪಡೆದ ಮಗನಿಗೆ ಅಧ್ಯಾಪಕ ವೃತ್ತಿಯ ಹಾದಿಯು ತೆರೆದೇ ಇದ್ದಿತು. ಅವರು ಅದನ್ನು ಹಿಡಿಯಲಿಲ್ಲ. 1960ರ ದಶಕದಲ್ಲಿ ಅವರು ಆರಿಸಿಕೊಂಡುದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಕಾಫಿಯ ಸೀಮೆಯನ್ನು. ಅವರ ತಾಯಿಯ ಹೆಸರನ್ನೇ ಹೊತ್ತ ಹೇಮಾವತೀ ನದಿಯು ಹುಟ್ಟುವುದು ಆ ತಾಲ್ಲೂಕಿನಲ್ಲಿಯೇ.

1966ರಲ್ಲಿ ಅವರ ವಿವಾಹವು ಕುಪ್ಪಳಿಯಲ್ಲಿ, ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯದ ಸರಳ ಪದ್ಧತಿಯಂತೆ ನೆರವೇರಿತು. ವಧು ರಾಜೇಶ್ವರಿಯವರು ಬೆಂಗಳೂರಿನವರು. ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡಿದವರು. ಪಟ್ಟಣದಲ್ಲಿ ಬೆಳೆದ ಈ ವಿದ್ಯಾವಂತ ಮಹಿಳೆಯು ಕಾಡಿನ ಅಂಚಿನ ತೋಟಕ್ಕೆ ಬಂದು ಸಂಸಾರವನ್ನು ಹೂಡಿದರು. ದಂಪತಿಗಳಿಗೆ ಇಬ್ಬರು ಹೆಣ್ಣುಮಕ್ಕಳಾದರು. ಮೊದಲ ತೋಟಕ್ಕೆ 'ಚಿತ್ರಕೂಟ'ವೆಂದು ಹೆಸರು. ಮುಂದೆ ಮೂಡಿಗೆರೆಯ ಬಳಿ ನೆಲಸಿದ ಸ್ಥಳಕ್ಕೆ 'ನಿರುತ್ತರ'ವೆಂದು. ಚಿತ್ರಕೂಟವೆಂದರೆ ರಾಮನು ವನವಾಸದಲ್ಲಿ ಸೀತಾಲಕ್ಷ್ಮಣರೊಡನೆ ಪರ್ಣಶಾಲೆಯನ್ನು ಕಟ್ಟಿಕೊಂಡ ಗಿರಿ. 'ಶ್ರೀ ರಾಮಾಯಣ ದರ್ಶನಂ' ರಚಿಸಿದ ಕವಿಯ ಮಗನ ತೋಟಕ್ಕೆ ಇದಕ್ಕಿಂತ ಒಪ್ಪುವ ಹೆಸರು ಮತ್ತಾವುದು? ವನವು ಒಂಟಿಯ ತಪಸ್ಸಿಗೆ ಮಾತ್ರ ಮೀಸಲಾದುದಲ್ಲ, ಸಂಸಾರಕ್ಕೂ ಅದು ಮನೆಯಾಗಬಲ್ಲುದೆಂಬ ಅರ್ಥವು ಆ ಹೆಸರಿನಲ್ಲಿಯೇ ಅಡಗಿದೆ.

ಪ್ರಕೃತಿಯ ಮಡಿಲಿಗೆ ಹೋದವರೆಂದರೆ ಲೋಕವು ಮೊದಲು ನೆನೆಯುವುದು ಅಮೆರಿಕದ ಥೋರೋ ಮಹಾಶಯನನ್ನು. ಅವನು 1845ರಿಂದ 1847ರ ವರೆಗೆ, ಎರಡು ವರ್ಷಗಳಿಗೆ ತುಸು ಮಿಕ್ಕು, ವಾಲ್ಡನ್ ಕೊಳದ ದಡದಲ್ಲಿ ವಾಸಮಾಡಿದನು. ಅವನು ಅವಿವಾಹಿತನಾಗಿದ್ದನು, ಅವನ ಪ್ರಯೋಗವು ಒಬ್ಬನ ಪ್ರಯೋಗ. ನಮ್ಮ ಪೂರ್ವಿಕರಾದರೋ ಗೃಹಸ್ಥಧರ್ಮವನ್ನು ಮುಗಿಸಿದ ಮೇಲೆ ವಾನಪ್ರಸ್ಥವೆಂದು ವಿಧಿಸಿದರು. ತೇಜಸ್ವಿಯವರ ಬಾಳು ಈ ಎರಡರ ಅಳತೆಗೂ ಸಿಗುವುದಿಲ್ಲ. ಮಕ್ಕಳ ಶಾಲೆ, ಆಳುಗಳ ಕೂಲಿ, ಮನೆಯ ದಿನಸಿ ಮೊದಲಾದ ಭಾರವನ್ನೆಲ್ಲ ಹೊತ್ತುಕೊಂಡೇ ಕಾಡನ್ನು ಪ್ರೀತಿಸಬೇಕಾದ ಪರೀಕ್ಷೆಯು ಅದು.

ಈ ಭಾರವು ಹಗುರವಾದುದಲ್ಲ. ಕಾಫಿಯ ಬೆಳೆಗಾರನ ವರ್ಷವು ಬೇಸಿಗೆಯ ಹೂಮಳೆಯನ್ನು ನೆಚ್ಚಿಕೊಂಡಿರುವುದು. ಆ ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುವುದು. ಅದರ ಬೆನ್ನಿಗೆ ಮತ್ತೊಂದು ಮಳೆ ಬಾರದಿದ್ದರೆ ಹೂವು ಕಾಯಿಗಟ್ಟದೆ ಹೋಗುವುದು. ಬೆಳೆ ಬಂದರೂ ಬೆಲೆಯು ಬೆಳೆಗಾರನ ಕೈಯಲ್ಲಿರಲಿಲ್ಲ. 1942ರ ಕಾಯಿದೆಯ ಪ್ರಕಾರ ಕಾಫಿಯನ್ನು ಮಂಡಲಿಯ ಸಮೂಹ ಸಂಗ್ರಹಕ್ಕೆ ಒಪ್ಪಿಸಿ, ಹಣವನ್ನು ಕಂತುಗಳಲ್ಲಿ ಎದುರುನೋಡಬೇಕಾಗಿದ್ದಿತು. ಈ ನಿರ್ಬಂಧವು 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಿ, 1996ರಲ್ಲಿ ಪೂರ್ಣವಾಗಿ ತೊಲಗಿತು. 1980ರಲ್ಲಿ ಪ್ರಕಟವಾದ 'ಕರ್ವಾಲೊ' ಕಾದಂಬರಿಯ ನಿರೂಪಕನು ಕೃಷಿಯ ಜಂಜಾಟಕ್ಕೆ ಬೇಸತ್ತು, ತೋಟವನ್ನು ಮಾರಿ ಮೈಸೂರಿಗೆ ಹೊರಟುಹೋಗಲು ಯೋಚಿಸುವವನು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ನಡೆದ ಯೋಚನೆಯದು. ತೇಜಸ್ವಿಯವರು ಅದನ್ನು ಕಾದಂಬರಿಯಲ್ಲಿ ಬರೆದರು. ತಾವು ಮಾತ್ರ ಹೋಗಲಿಲ್ಲ.

ಅವರನ್ನು ಹಿಡಿದು ನಿಲ್ಲಿಸಿದುದು ಮನೆಯ ಹೊರಗಿನ ಲೋಕ. ಮೊದಲ ದಿನಗಳಲ್ಲಿ ಅವರಿಗೆ ಕೋವಿಯ ನಂಟಿದ್ದಿತು. ಮುಂದೆ ಕ್ಯಾಮರಾ ಅದರ ಸ್ಥಾನವನ್ನು ಆಕ್ರಮಿಸಿತು. ಗಾಳವನ್ನು ಹಿಡಿದು ಹೊಳೆಯ ದಡದಲ್ಲಿ ಕುಳಿತುಕೊಳ್ಳುವುದು, ಮರೆಯಲ್ಲಿ ಅಡಗಿ ಹಕ್ಕಿಗಳ ಚಿತ್ರ ತೆಗೆಯುವುದು, ಇವೆರಡಕ್ಕೂ ಬೇಕಾದುದು ತಾಳ್ಮೆ. ಆ ತಾಳ್ಮೆಯ ಫಲವಾಗಿ 'ಪರಿಸರದ ಕತೆ', 'ಮಿಂಚುಳ್ಳಿ', 'ಹಕ್ಕಿ ಪುಕ್ಕ' ಮುಂತಾದ ಪುಸ್ತಕಗಳು ಕನ್ನಡಕ್ಕೆ ಬಂದವು. ಕಾಡಿನ ಕುತೂಹಲವು ಅವರಿಗೆ ಮನುಷ್ಯರನ್ನು ಮರೆಸಲಿಲ್ಲ. 'ಕರ್ವಾಲೊ'ದಲ್ಲಿ ವಿಜ್ಞಾನಿಯು ಹುಡುಕುವ ಹಾರುವ ಓತಿಯನ್ನು ಕಂಡವನು ಮಂದಣ್ಣ. ಜೇನನ್ನು ಹಿಡಿಯುವ, ಊರವರ ಲೆಕ್ಕಕ್ಕೆ ಬಾರದ ಹಳ್ಳಿಗ. ಪಶ್ಚಿಮ ಘಟ್ಟದಲ್ಲಿ ಆ ಓತಿಯು ನಿಜವಾಗಿಯೂ ಉಂಟು. ವಿದ್ಯೆಯು ವಿಶ್ವವಿದ್ಯಾನಿಲಯದಲ್ಲಿ ಮಾತ್ರವಲ್ಲ, ಮಂದಣ್ಣನ ಕಣ್ಣಿನಲ್ಲಿಯೂ ಇದೆಯೆಂಬುದನ್ನು ಕುಲಪತಿಯ ಮಗನು ಹಳ್ಳಿಯಲ್ಲಿ ಬಾಳಿ ತಿಳಿದುಕೊಂಡನು.

ಇಲ್ಲೊಂದು ಇಕ್ಕಟ್ಟುಂಟು. ತೋಟವೆಂಬುದು ಕಾಡನ್ನು ಒತ್ತರಿಸಿಯೇ ಎದ್ದುದು. ನೆರಳಿನ ಮರಗಳನ್ನು ಉಳಿಸಿಕೊಂಡರೂ ಅದು ಕಾಡಲ್ಲ. ತೇಜಸ್ವಿಯವರು ಈ ಸಂಗತಿಯನ್ನು ಭಾವುಕತೆಯಿಂದ ಮುಚ್ಚಲಿಲ್ಲ. 1985ರಲ್ಲಿ ಪ್ರಕಟವಾಗಿ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ 'ಚಿದಂಬರ ರಹಸ್ಯ'ದಲ್ಲಿಯೂ, ಅದರ ತರುವಾಯದ 'ಜುಗಾರಿ ಕ್ರಾಸ್'ನಲ್ಲಿಯೂ ಏಲಕ್ಕಿಯ ಬೆಳೆ, ಕಾಡಿನ ಲೂಟಿ, ಊರಿನ ಜಗಳಗಳು ಒಂದರೊಳಗೊಂದು ಹೆಣೆದುಕೊಂಡಿವೆ. 'ಜುಗಾರಿ ಕ್ರಾಸ್'ನ ನಾಯಕನು ವೀರನೂ ಅಲ್ಲ, ವಿರಾಗಿಯೂ ಅಲ್ಲ. ಏಲಕ್ಕಿಯನ್ನು ಮಾರಲು ಹೆಂಡತಿಯೊಡನೆ ಹೊರಟ ಕೃಷಿಕನವನು. ಪೇಟೆಗೆ ಬರುವ ಚೀಲದ ಹಿಂದೆ ಎಷ್ಟು ಭಯ, ಎಷ್ಟು ಆಸೆಗಳಿರುವುವೆಂಬುದನ್ನು ಆ ದಂಪತಿಗಳ ಕಥೆಯು ತೋರಿಸುವುದು.

2007ನೆಯ ಇಸವಿ ಏಪ್ರಿಲ್ 5ರಂದು ತೇಜಸ್ವಿಯವರು ಮೂಡಿಗೆರೆಯ ತಮ್ಮ ಮನೆಯಲ್ಲಿಯೇ ತೀರಿಕೊಂಡರು. ಕೊಟ್ಟಿಗೆಹಾರದಲ್ಲಿ ಈಗ ಅವರ ಹೆಸರಿನ ಪ್ರತಿಷ್ಠಾನವಿದೆ. ಆದರೆ ಅವರ ಗೃಹಸ್ಥ ಜೀವನವನ್ನು ತಿಳಿಯಬೇಕಾದವರು ಮುಖ್ಯವಾಗಿ ಓದತಕ್ಕುದು, 2021ರಲ್ಲಿ ಅಗಲಿದ ರಾಜೇಶ್ವರಿಯವರು ಬರೆದ 'ನನ್ನ ತೇಜಸ್ವಿ'ಯನ್ನು. ಕಾಡನ್ನು ನೋಡಲು ಹೋದವನು ಮರಳಿ ಬರುವುದಕ್ಕೆ ದೀಪ ಉರಿಯುವ ಮನೆಯೊಂದು ಬೇಕು. ಆ ದೀಪವನ್ನು ಉರಿಸಿದವರ ಪಾಲನ್ನು ಬಿಟ್ಟು ಬರೆದ ಚರಿತ್ರೆಯು ಅರ್ಧ ಚರಿತ್ರೆ. ಸಂಸಾರವನ್ನು ಬಿಟ್ಟು ಕಾಡಿಗೆ ಹೋದವರನ್ನೂ, ಕಾಡನ್ನು ಬಿಟ್ಟು ಸಂಸಾರ ಹೂಡಿದವರನ್ನೂ ನಾಡು ಬಹಳವಾಗಿ ಕಂಡಿದೆ. ಎರಡನ್ನೂ ಬಿಡದೆ ಬಾಳಿದ ಈ ದಂಪತಿಗಳ ಮಾದರಿಯು ವಿರಳವಾದುದು, ಆದುದರಿಂದಲೇ ನೆನೆಯತಕ್ಕುದು.