ಹಂಚು, ಹಲಗೆ, ನಡುವೆ ಒಂದು ಹೊಸ್ತಿಲು

ಊರಮನೆ ರಿಪೇರಿ ನಡೀತಿದೆ. ಚಾವಡಿಯಲ್ಲಿ ಒಡೆದಿದ್ದ ನೆಲದ ಹಂಚೊಂದನ್ನು ಎತ್ತಿದರೆ ಬೆನ್ನಲ್ಲಿ ಬಾಸೆಲ್ ಮಿಷನ್ ಮುದ್ರೆ! 1865ರಲ್ಲಿ ಮಂಗಳೂರಿನ ಜಪ್ಪಿನಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿ ಶುರುಮಾಡಿದ ಕಾರ್ಖಾನೆ ಇವರದ್ದೇ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ವಶಪಡಿಸಿಕೊಂಡರು. ಅಂದ್ರೆ ನಮ್ಮ ನೆಲಕ್ಕೆ ನೂರು ದಾಟಿರಬೇಕು.

ಪಕ್ಕದ ಕೋಣೆಗೆ ಮರದ ನೆಲ ಹಾಕಿಸ್ತಿದ್ದೇವೆ. ನಡುವಿನ ಮರದ ಹೊಸ್ತಿಲಿಗೆ ಎಡವಿ ಅಪ್ಪ ಎರಡು ಸಲ ಬಿದ್ದಿದ್ದಾರೆ. "ತೆಗೆದು ಲೆವೆಲ್ ಮಾಡುವಾ" ಅಂದರು ಮೇಸ್ತ್ರಿ. ಸೋಣ ತಿಂಗಳ ಪೂಜೆ ಮುಂಬಾಗಿಲಿನ ಹೊಸ್ತಿಲಿಗೆ ಮಾತ್ರ, ಹಾಗಾಗಿ ಅಮ್ಮನ ತಕರಾರೂ ಇಲ್ಲ.

ಆಮೇಲೆ ಹೊಳೆಯಿತು (ಬಡಗಿ ಹೇಳಿದ ಮೇಲೆ!). ಮಳೆಗಾಲದಲ್ಲಿ ಸುಟ್ಟ ಮಣ್ಣು ಅಲುಗುವುದಿಲ್ಲ, ಹಲಗೆ ಅಡ್ಡಕ್ಕೆ ಹಿಗ್ಗುತ್ತೆ. ಹಂಚಿಗೆ ಒತ್ತಿ ಕೂರಿಸಿದರೆ ಉಬ್ಬಿ ಏಳುತ್ತೆ. ಹಳಬರಿಗೆ ಈ ತಲೆನೋವಿರಲಿಲ್ಲ. ಎರಡು ನೆಲಗಳ ಎತ್ತರ ಬೇರೆ, ಹಾಕಿದ ಕಾಲ ಬೇರೆ, ಅಂಚು ವಕ್ರ, ಎಲ್ಲವನ್ನೂ ಹೊಸ್ತಿಲು ನುಂಗುತ್ತಿತ್ತು.

ಈಗ 10 ಮಿಲಿಮೀಟರ್ ಸಂದು ಬಿಟ್ಟು ಮೇಲೆ ಹಿತ್ತಾಳೆ ಪಟ್ಟಿ. ಸ್ಕ್ರೂ ಸಂದಿನೊಳಗಿಂದ ಕೆಳಗಿನ ಕಾಂಕ್ರೀಟಿಗೆ. ಹಲಗೆಗೆ ಹೊಡೆದರೆ ಸಂದು ಬಿಟ್ಟದ್ದೇ ದಂಡ.

ಕಿತ್ತ ಹೊಸ್ತಿಲಿನಿಂದ ಅಪ್ಪನಿಗೆ ಮಣೆ ಮಾಡಿಸಬೇಕಂತೆ. ಹೊಸ್ತಿಲ ಮೇಲೆ ಕೂತದ್ದಕ್ಕೆ ನಾನು ಎಷ್ಟು ಬೈಸಿಕೊಂಡಿದ್ದೆ ಗೊತ್ತಾ?