ಚೌರಿಚೌರಾದ ಅಪೀಲು

ಚೌರಿಚೌರಾದ ಹೆಸರನ್ನು ನಮ್ಮ ಶಾಲೆಯ ಮಕ್ಕಳೆಲ್ಲ ಬಲ್ಲರು. ಅಲ್ಲಿ ಪೊಲೀಸ್ ಠಾಣೆಗೆ ಬೆಂಕಿ ಬಿತ್ತು, ಸುದ್ದಿ ಕೇಳಿ ನೊಂದ ಗಾಂಧೀಜಿ ಅಸಹಕಾರ ಚಳವಳಿಯನ್ನು ನಿಲ್ಲಿಸಿದರು ಎನ್ನುವಲ್ಲಿಗೆ ಪಾಠ ಮುಗಿಯುತ್ತದೆ. ಬೆಂಕಿಯಿಟ್ಟವರೆಂದು ಹಿಡಿದು ತಂದ ರೈತರ ಗತಿ ಏನಾಯಿತೆಂಬ ಪ್ರಶ್ನೆಯನ್ನು ಕೇಳುವವರು ವಿರಳ. ಅಲಹಾಬಾದಿನ ಹೈಕೋರ್ಟಿನಲ್ಲಿ ನಡೆದ ಅವರ ಅಪೀಲಿನ ಕಥೆಯೇ ನನಗೆ ಹೆಚ್ಚು ವಿಚಾರಾರ್ಹವಾಗಿ ಕಂಡಿದೆ.

ಅಂದಿನ ಸಂಯುಕ್ತ ಪ್ರಾಂತದ ಗೋರಖಪುರ ಜಿಲ್ಲೆಯ ಸ್ವಯಂಸೇವಕರು ಮುಂಡೇರಾ ಸಂತೆಯಲ್ಲಿ ಪಿಕೆಟಿಂಗ್ ಹೂಡಿದ್ದರು. ಸೈನ್ಯದಿಂದ ನಿವೃತ್ತನಾಗಿ ಪಿಂಚಣಿ ಪಡೆಯುತ್ತಿದ್ದ ಭಗವಾನ್ ಅಹೀರನೆಂಬುವನನ್ನು ಠಾಣೆಯ ಸಬ್ ಇನ್‌ಸ್ಪೆಕ್ಟರ್ ಗುಪ್ತೇಶ್ವರ ಸಿಂಹ ಹೊಡೆದ. ಅದನ್ನು ಕೇಳಲೆಂದು 1922ರ ಫೆಬ್ರವರಿ 4ರಂದು ಡುಮ್ರಿಯಲ್ಲಿ ಕೂಡಿದ ಜನ ಮೆರವಣಿಗೆಯಾಗಿ ಠಾಣೆಯತ್ತ ನಡೆದರು. ಮಾತಿಗೆ ಮಾತು ಬೆಳೆಯಿತು, ಕಲ್ಲು ಬಿತ್ತು, ಪೊಲೀಸರು ಗುಂಡು ಹಾರಿಸಿದರು. ಮದ್ದುಗುಂಡು ತೀರಿದಾಗ ಅವರು ಠಾಣೆಯೊಳಗೆ ಸೇರಿಕೊಂಡರು. ಜನ ಸೀಮೆಎಣ್ಣೆ ತಂದು ಠಾಣೆಗೆ ಬೆಂಕಿ ಹಚ್ಚಿದರು. ಇಪ್ಪತ್ತಮೂರು ಮಂದಿ ಪೊಲೀಸರು ಮತ್ತು ಚೌಕೀದಾರರು ಸತ್ತರು. ಇದು ಘೋರ ಕೃತ್ಯ. ಇದಕ್ಕೆ ಬೇರೆ ಹೆಸರಿಡುವುದು ಸತ್ಯಕ್ಕೆ ಅಪಚಾರ.

ಆದರೆ ಮಾಡಿದವರು ಯಾರು? ಸೆಷನ್ಸ್ ವಿಚಾರಣೆಗೆ ನಿಂತವರು 225 ಮಂದಿ. 1923ರ ಜನವರಿ 9ರಂದು ನ್ಯಾಯಾಧೀಶ ಹೋಮ್ಸ್ ಅವರು 172 ಮಂದಿಗೆ ಮರಣದಂಡನೆ ವಿಧಿಸಿದರು. ಒಂದೇ ತೀರ್ಪಿನಲ್ಲಿ ನೂರ ಎಪ್ಪತ್ತೆರಡು ಕೊರಳು! ಇದಕ್ಕೆ ಕಾನೂನಿನ ಆಧಾರವಿರಲಿಲ್ಲವೆಂದಲ್ಲ. ಭಾರತ ದಂಡ ಸಂಹಿತೆಯ 149ನೆಯ ಕಲಮಿನ ಪ್ರಕಾರ, ಅಕ್ರಮ ಕೂಟದ ಸಮಾನ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧಕ್ಕೆ ಆ ಕೂಟದಲ್ಲಿದ್ದ ಎಲ್ಲರೂ ಹೊಣೆ. ಗುಂಪಿನಲ್ಲಿ ಇದ್ದನೆಂದು ಸ್ಥಾಪಿಸಿದರೆ, ಕೈ ಎತ್ತಿದನೇ ಇಲ್ಲವೇ ಎಂದು ಬೇರೆಯಾಗಿ ಸ್ಥಾಪಿಸಬೇಕಾಗಿಲ್ಲ. ಇದರ ಜೊತೆಗೆ ಮಾಫಿ ಸಾಕ್ಷಿಗಳ ಹೇಳಿಕೆಯೂ ಇತ್ತು. ತಾನು ಉಳಿಯುವುದಕ್ಕಾಗಿ ಸಂಗಡಿಗರನ್ನು ತೋರಿಸಿಕೊಡುವವನ ನುಡಿಯನ್ನು ಬೇರೆ ಪುರಾವೆಯ ಬೆಂಬಲವಿಲ್ಲದೆ ನಂಬಲಾಗದು ಎಂಬುದು ನ್ಯಾಯಶಾಸ್ತ್ರದ ಹಳೆಯ ಎಚ್ಚರಿಕೆ.

ಸೆಷನ್ಸ್ ಕೋರ್ಟು ಗಲ್ಲು ವಿಧಿಸಿದರೂ ಹೈಕೋರ್ಟು ಸ್ಥಿರೀಕರಿಸುವ ತನಕ ಅದು ಜಾರಿಗೆ ಬರುವಂತಿಲ್ಲ. ಈ ಒಂದು ನಿಯಮ ಎಷ್ಟು ಜೀವಗಳನ್ನು ಕಾಯ್ದಿತೆಂಬುದಕ್ಕೆ ಈ ಮೊಕದ್ದಮೆಯೇ ನಿದರ್ಶನ. ಅಪೀಲುದಾರರ ಪರವಾಗಿ ನಿಂತವರು ಪಂಡಿತ ಮದನಮೋಹನ ಮಾಳವೀಯರು. ವಕೀಲಿಯನ್ನು ಬಿಟ್ಟು ವರ್ಷಗಳು ಸಂದಿದ್ದ ಅವರು ಇದಕ್ಕಾಗಿ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದರು. ಆ ಕೃತ್ಯವನ್ನು ದೇಶದ ನಾಯಕರು ಖಂಡಿಸಿದ್ದ ಕಾಲವದು. ಕೃತ್ಯವನ್ನು ಖಂಡಿಸುವುದು ಬೇರೆ, ಆಪಾದಿತನನ್ನು ಕೈಬಿಡುವುದು ಬೇರೆ. ಮಾಳವೀಯರು ತೋರಿಸಿಕೊಟ್ಟದ್ದು ಈ ವಿವೇಕವನ್ನು.

ಮುಖ್ಯ ನ್ಯಾಯಾಧೀಶ ಸರ್ ಗ್ರಿಮ್‌ವುಡ್ ಮಿಯರ್ಸ್ ಮತ್ತು ನ್ಯಾಯಾಧೀಶ ಪಿಗಟ್ ಅವರ ಪೀಠ ಏಪ್ರಿಲ್ 30ರಂದು ತೀರ್ಪು ಕೊಟ್ಟಿತು. 19 ಮಂದಿಯ ಗಲ್ಲು ಖಾಯಮಾಯಿತು. 110 ಮಂದಿಗೆ ಜೀವಾವಧಿ ದ್ವೀಪಾಂತರ ಶಿಕ್ಷೆಯಾಯಿತು. 38 ಮಂದಿ ಬಿಡುಗಡೆ ಹೊಂದಿದರು. ಆ ಮೂವತ್ತೆಂಟು ಮಂದಿಯನ್ನು ನೆನೆಯಿರಿ. ಜನವರಿಯಲ್ಲಿ ಅವರೂ ಸಾಯಬೇಕಾದವರು. ಏಪ್ರಿಲಿನಲ್ಲಿ ಅವರ ಮೇಲಿನ ಅಪರಾಧ ನಿಲ್ಲಲೇ ಇಲ್ಲ. ನಡುವೆ ಹೊಸ ಘಟನೆಯೇನೂ ನಡೆದಿರಲಿಲ್ಲ. ನೂರ ಹನ್ನೊಂದು ದಿನಗಳಲ್ಲಿ ನಡೆದದ್ದು ಇಷ್ಟೇ: ಗುಂಪನ್ನು ಬಿಡಿಸಿ ಒಬ್ಬೊಬ್ಬನನ್ನಾಗಿ ನೋಡಲಾಯಿತು. ಉಳಿದ ಹತ್ತೊಂಬತ್ತು ಮಂದಿಯನ್ನು ಅದೇ ಜುಲೈ ತಿಂಗಳಲ್ಲಿ ಬೇರೆ ಬೇರೆ ಜೈಲುಗಳಲ್ಲಿ ನೇಣಿಗೆ ಹಾಕಿದರು.

ನಾಲ್ಕು ದಶಕಗಳ ಮೇಲೆ ಇದೇ ಪ್ರಶ್ನೆ ಸ್ವತಂತ್ರ ಭಾರತದ ಸುಪ್ರೀಂ ಕೋರ್ಟಿನ ಮುಂದೆಯೂ ಬಂತು. 1964ರ ಮಸಾಲ್ತಿ ಮೊಕದ್ದಮೆಯಲ್ಲಿ ತೀರ್ಪು ಬರೆದವರು ಮುಖ್ಯ ನ್ಯಾಯಾಧೀಶ ಗಜೇಂದ್ರಗಡಕರ್. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕಲಿತವರು. ಸಾಕ್ಷ್ಯವನ್ನು ತೂಗಬೇಕೇ ಹೊರತು ಎಣಿಸಬಾರದು ಎಂಬುದನ್ನು ಒಪ್ಪಿಯೂ, ದೊಡ್ಡ ಗುಂಪಿನ ಅಪರಾಧಗಳಲ್ಲಿ ಇಬ್ಬರು ಮೂವರಾದರೂ ಸಾಕ್ಷಿಗಳು ಹೊಂದಿಕೆಯಾಗಿ ಗುರುತಿಸಿದವನನ್ನು ಮಾತ್ರ ಶಿಕ್ಷಿಸುವ ಪರೀಕ್ಷೆಯನ್ನು ಅವರು ಎತ್ತಿಹಿಡಿದರು. ಅದೇ ತೀರ್ಪು ಗುಂಪಿನ ಹೊಣೆಯ ಕಲಮನ್ನೂ ಬಲಪಡಿಸಿತು. ಹಳೆಯ ಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದರೂ ಆ ಕಲಮು 190ನೆಯ ಸಂಖ್ಯೆ ತೊಟ್ಟು ಉಳಿದಿದೆ.

ಅದು ಉಳಿಯಬಾರದೆಂದು ನಾನು ವಾದಿಸುವುದಿಲ್ಲ. ಗುಂಪಿನ ಮರೆಯಲ್ಲಿ ಕೊಲೆಗಾರ ಅಡಗಬಾರದು. ಆದರೆ ಗುಂಪಿನ ಹೆಸರಿನಲ್ಲಿ ನಿರಪರಾಧಿ ಸಾಯಲೂಬಾರದು. ಸುಟ್ಟುಹೋದ ಇಪ್ಪತ್ತಮೂರು ಮಂದಿಗೆ ನ್ಯಾಯ ಸಲ್ಲಬೇಕಾಗಿತ್ತು, ನಿಜ. ಆದರೆ ಆ ಮೂವತ್ತೆಂಟು ಮಂದಿಯನ್ನು ನೇಣಿಗೇರಿಸಿದ್ದರೆ ಅವರಿಗೆ ಸಲ್ಲುತ್ತಿದ್ದುದು ನ್ಯಾಯವಲ್ಲ, ಸೇಡು.