ಏಳರಿಂದ ಎಂಟಕ್ಕೆ: ನಮ್ಮೂರ ಮಕ್ಕಳು ಹೈಸ್ಕೂಲು ಸೇರಿದ ಕತೆ

ಬಾರ್ಕೂರು ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಆಳುಪರ ರಾಜಧಾನಿ, ಕತ್ತಲೆ ಬಸದಿ, ಕೋಟೆ. ವರ್ಷಕ್ಕೆಷ್ಟು ದಿನವೋ ಅಷ್ಟು ದೇವಸ್ಥಾನಗಳಿದ್ದ ಊರೆಂಬ ಮಾತು ಬೇರೆ. ಆ ಚರಿತ್ರೆಯನ್ನು ಬಲ್ಲವರು ಬರೆದಿದ್ದಾರೆ, ಕಲ್ಲಿನ ಶಾಸನಗಳೂ ಇವೆ. ಆದರೆ ಕೋಟೆಕೇರಿ, ಮೂಡುಕೇರಿ, ಚೌಳಿಕೇರಿಗಳ ಮಕ್ಕಳು ಹೈಸ್ಕೂಲಿನ ಮೆಟ್ಟಿಲು ಹತ್ತಿದ ಕತೆಗೆ ಶಾಸನವಿಲ್ಲ. ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಊರ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದಾಗ ನಮಗೆ ಹೊಳೆದದ್ದು ಅದೇ.

1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತೆಂಬುದು ಹಿರಿಯರಿಗೆ ನೆನಪಿರಬಹುದು. ಆಗ 5ನೇ ತರಗತಿ ಮುಗಿಸಿ ಹೈಸ್ಕೂಲಿಗೆ ಹೋದವನು ಫಸ್ಟ್ ಫಾರಮ್ಮಿಗೆ ಸೇರುತ್ತಿದ್ದ. ಊರ ಹೈಯರ್ ಎಲಿಮೆಂಟರಿಯಲ್ಲೇ ಉಳಿದವನು 8ನೇ ತರಗತಿಯ ಇ.ಎಸ್.ಎಲ್.ಸಿ. ಪರೀಕ್ಷೆ ಬರೆದು, ಹೆಚ್ಚಾಗಿ ಅಲ್ಲಿಗೇ ಓದಿಗೆ ಮಂಗಳ ಹಾಡುತ್ತಿದ್ದ. ಹೈಸ್ಕೂಲೆಂದರೆ ಈ ಕಡೆಯವರಿಗೆ ಬಹುಕಾಲ ಕುಂದಾಪುರ ಅಥವಾ ಉಡುಪಿ. ಕೋಟದ ಶಿವರಾಮ ಕಾರಂತರೂ ಮೊಗೇರಿಯ ಗೋಪಾಲಕೃಷ್ಣ ಅಡಿಗರೂ ಹೈಸ್ಕೂಲಿಗಾಗಿ ಕುಂದಾಪುರಕ್ಕೆ ಹೋದವರೇ. ಪೇಟೆಯಲ್ಲಿ ನೆಂಟರ ಮನೆಯೋ ವಾರಾನ್ನವೋ ಸಿಕ್ಕಿದವರು ಓದಿದರು. ಉಳಿದವರ ಹೆಸರು ಯಾರಿಗೂ ಗೊತ್ತಿಲ್ಲ. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಫಾರಂಗಳು ಹೋಗಿ, 7ರವರೆಗೆ ಪ್ರೈಮರಿ, 8ರಿಂದ 10 ಹೈಸ್ಕೂಲು ಎಂಬ ಈಗಿನ ಕ್ರಮ ಬಂತು.

ನಾವು ಎಂಟನೆಗೆ ಸೇರಿದ್ದು 1976ರ ಜೂನಿನಲ್ಲಿ. ಅದಕ್ಕೆ ಎರಡು ವರ್ಷ ಹಿಂದೆ, 1974ರ ಮಾರ್ಚ್ 1ರಿಂದ, ಭೂ ಸುಧಾರಣಾ ತಿದ್ದುಪಡಿ ಕಾನೂನು ಜಾರಿಗೆ ಬಂದಿತ್ತು. ಗೇಣಿ ಒಕ್ಕಲುಗಳೆಲ್ಲ ಡಿಕ್ಲರೇಷನ್ ಕೊಡುವ ಗಡಿಬಿಡಿಯಲ್ಲಿದ್ದ ಕಾಲ. ಆ ಕಾಗದ ತುಂಬಿಸಲಿಕ್ಕೆ, ನ್ಯಾಯ ಮಂಡಳಿಯ ನೋಟೀಸು ಓದಲಿಕ್ಕೆ ಬೇರೆಯವರ ಜಗಲಿಯಲ್ಲಿ ಕಾದು ಕುಳಿತ ಅಪ್ಪಂದಿರಿಗೆ ಮನೆಯಲ್ಲೊಬ್ಬ ಓದಿದವ ಬೇಕೆಂದು ಮನದಟ್ಟಾಯಿತು. ನಮ್ಮ ಮನೆಯಲ್ಲೂ ಆದದ್ದು ಹಾಗೇ. ಹೈಸ್ಕೂಲಿನ ಬಾಗಿಲು ನಮ್ಮಂಥವರಿಗೆ ತೆರೆದದ್ದು ಆ ಕಾನೂನಿನಿಂದ ಎಂದರೆ ಹೆಚ್ಚಲ್ಲ. ಆದರೆ ಅದೇ ಕಾನೂನು ಮಕ್ಕಳನ್ನು ಹಿಂದಕ್ಕೆ ಎಳೆದದ್ದೂ ಉಂಟು. ಗದ್ದೆ ಸ್ವಂತದ್ದಾಗುವ ಹೊತ್ತಿಗೆ ಒಂದು ಬೆಳೆಯೂ ತಪ್ಪಬಾರದು, ಕೂಲಿಗೆ ಕೊಡಲಿಕ್ಕೆ ದುಡ್ಡಿಲ್ಲ. ಶಾಲೆ ಶುರುವಾಗುವುದು ಜೂನಿನಲ್ಲಿ, ನಟ್ಟಿಯೂ ಆಗಲೇ. "ನಟ್ಟಿ ಮುಗಿಸ್ಕಂಡ್ ಹೋಯ್ಲಕ್, ಶಾಲಿ ಎಲ್ಲಿಗ್ ಓಡಿ ಹೋತಿಲ್ಲೆ" ಎಂಬುದು ಆಗ ಪ್ರತಿ ಮನೆಯ ಮಾತು.

ಹೋದವರ ಪಾಡೂ ಸುಲಭದ್ದಲ್ಲ. ತಲೆಗೆ ಗೊರಬು, ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಪುಸ್ತಕ, ದಾರಿಯುದ್ದಕ್ಕೂ ಕಾಲುಸಂಕ. ಸೀತಾನದಿಯ ಕುದ್ರುಗಳ ಮಕ್ಕಳಿಗೆ ದೋಣಿ ಸಿಕ್ಕಿದರೆ ಶಾಲೆ, ಹೊಳೆ ಏರಿದರೆ ರಜೆ. ಒದ್ದೆ ಚಡ್ಡಿಯಲ್ಲೇ ಬೆಂಚಿನ ಮೇಲೆ ಕುಳಿತು ಸಂಜೆಯೊಳಗೆ ಒಣಗಿಸಿಕೊಳ್ಳುವುದು. ಪ್ರೈಮರಿಯಲ್ಲಿ ಬೆಳಗ್ಗಿಂದ ಸಂಜೆವರೆಗೆ ಒಬ್ಬರೇ ಮಾಸ್ಟ್ರು. ನಮ್ಮ ಮನೆ, ಅಪ್ಪ, ದನ ಕರು ಎಲ್ಲ ಅವರಿಗೆ ಗೊತ್ತು. ಇಲ್ಲಿ ಗಂಟೆ ಹೊಡೆದ ಹಾಗೆ ಒಬ್ಬೊಬ್ಬರು ಬಂದು ಹೋಗುವರು. ನಮ್ಮ ಹೆಸರು ತಿಳಿಯಬೇಕಾದರೆ ದಸರಾ ರಜೆ ಬರಬೇಕು. ಇನ್ನು ಮಾತು. ಒಂದೇ ಬೆಂಚಿನಲ್ಲಿ ಕುಂದಗನ್ನಡ, ತುಳು, ಕೊಂಕಣಿ ಮೂರೂ ಇದ್ದವು. ಮೂವರಿಗೂ ಪುಸ್ತಕದ ಕನ್ನಡ ಪರಭಾಷೆಯೇ. ಅದರ ಮೇಲೆ ಇಂಗ್ಲಿಷು, ಹಿಂದಿ.

ನಮ್ಮೊಟ್ಟಿಗೆ ಏಳನೆಯಲ್ಲಿದ್ದ ಒಬ್ಬ ಗೆಳೆಯ ಬಾಯಿಲೆಕ್ಕದಲ್ಲಿ ನಮಗೆಲ್ಲ ಗುರು. ಇಷ್ಟು ಮುಡಿ ಅಕ್ಕಿಗೆ ಇಷ್ಟು ಗೇಣಿ ಕಳೆದರೆ ಉಳಿದದ್ದೆಷ್ಟು ಎಂದು ಮಾಸ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳುವವ. ಎಂಟನೆಗೆ ಸೇರಿದವ ಮೂರು ವಾರ ನಟ್ಟಿಗೆಂದು ಮನೆಯಲ್ಲಿ ನಿಂತ. ತಿರುಗಿ ಬರುವಾಗ ಬೋರ್ಡಿನ ಮೇಲೆ ಬೀಜಗಣಿತ. ಎದ್ದು ನಿಲ್ಲಿಸಿ ಕೇಳಿದ್ದಕ್ಕೆ, "ನಟ್ಟಿ ಇದ್ದಿತ್ ಸಾರ್, ಬಪ್ಪುಕೆ ಆಯ್ಲ. ಅಕ್ಷರ ಕೂಡ್ಸುದ್ ಹ್ಯಾಂಗೆ?" ಎಂದ. ತರಗತಿಯೇ ಘೊಳ್ಳೆಂದಿತು. ನಾವೂ ನಕ್ಕವರೇ, ಅದನ್ನು ಮುಚ್ಚಿಡುವುದಿಲ್ಲ. ನಮಗೂ ಅಕ್ಷರ ಕೂಡಿಸುವುದು ಗೊತ್ತಿರಲಿಲ್ಲ. ನಾಲ್ಕು ದಿನ ಬಂದ. ಮತ್ತೆ ಚೌತಿಯ ಹೊತ್ತಿಗೆ ಅವನ ಜಾಗದಲ್ಲಿ ಬೇರೆಯವ ಕುಳಿತಿದ್ದ. ಮನೆಗೆ ಹೋಗಿ ಕರೆಯಬೇಕೆಂದು ನಮಗಾಗಲಿ, ದೊಡ್ಡವರಿಗಾಗಲಿ ತೋಚಲಿಲ್ಲ.

ಹೀಗೆ ಬಿಟ್ಟವರಲ್ಲಿ ಫೇಲಾಗಿ ಬಿಟ್ಟವರು ಕಡಿಮೆ. ಜೂನಿನಿಂದ ದೀಪಾವಳಿಯೊಳಗೆ ಸದ್ದಿಲ್ಲದೆ ಜಾರಿದವರೇ ಹೆಚ್ಚು. ಹೆಣ್ಣುಮಕ್ಕಳಂತೂ ಅಷ್ಟು ದೂರವೂ ಬರಲಿಲ್ಲ. ಏಳನೆ ಪಾಸಾದ ಮರುತಿಂಗಳೇ ಬೀಡಿ ಕಟ್ಟಲು ಕುಳಿತವರು ಎಷ್ಟೋ. ಅವರಲ್ಲಿ ಕೆಲವರ ದುಡಿಮೆಯಿಂದಲೇ ತಮ್ಮಂದಿರ ಫೀಸು ಹೋಯಿತು. ನಮ್ಮ ಅಕ್ಕನೂ ಅವರಲ್ಲೊಬ್ಬಳು.

ಗಂಡುಮಕ್ಕಳಿಗೆ ಇನ್ನೊಂದು ದಾರಿ ಬೊಂಬಾಯಿ. ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ನಮ್ಮವರೇ ಕಟ್ಟಿದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದುವುದು. ಮೊಗವೀರ ರಾತ್ರಿ ಶಾಲೆ, ಗುರುನಾರಾಯಣ ರಾತ್ರಿ ಪ್ರೌಢಶಾಲೆ ಮುಂತಾದುವು ಕರಾವಳಿಯ ಮಕ್ಕಳಿಗೆ ಮಾಡಿದ ಉಪಕಾರ ಸಣ್ಣದಲ್ಲ. ಊರಲ್ಲಿ ಬಿಟ್ಟ ಓದನ್ನು ಅಲ್ಲಿ ಮುಂದುವರಿಸಿ ಬ್ಯಾಂಕು, ಆಫೀಸು ಸೇರಿದವರುಂಟು. ಒಂದು ಮಾತು ಹೇಳಲೇಬೇಕು: ಅಲ್ಲಿ ಎಲ್ಲರೂ ದುಡಿದು ದಣಿದು ಬಂದವರು, ಯಾರನ್ನು ಕಂಡು ಯಾರು ನಗುವುದು?

ಸಹಕಾರಕ್ಕೂ ಹೈಸ್ಕೂಲಿಗೂ ಎಂತ ಸಂಬಂಧ ಎಂದು ಕೇಳುವ ಸದಸ್ಯ ಬಾಂಧವರಿಗೆ ಮೊಳಹಳ್ಳಿ ಶಿವರಾಯರನ್ನು ನೆನಪಿಸುತ್ತೇವೆ. 1909ರಲ್ಲಿ ಪುತ್ತೂರಿನಲ್ಲಿ ಸಹಕಾರಿ ಸಂಘಕ್ಕೆ ಅಡಿಪಾಯ ಹಾಕಿದವರೂ ಆ ಊರಿಗೆ ಹೈಸ್ಕೂಲು ಆಗುವುದಕ್ಕೆ ದುಡಿದವರೂ ಅವರೇ.

ನಮ್ಮ ಸಂಘ ಹುಟ್ಟುವಾಗ ಕಾಲ ಬಹಳ ಬದಲಾಗಿತ್ತು. 2006-07ರಿಂದ ಸರ್ಕಾರ ಎಂಟನೆಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು, 2007ರಿಂದ ಬಿಸಿಯೂಟ ಹೈಸ್ಕೂಲಿಗೂ ಬಂತು. ಬೀಡಿ ಕಟ್ಟಿದ ಅಕ್ಕಂದಿರ ಮೊಮ್ಮಕ್ಕಳು ಈಗ ಕಾಲೇಜಿಗೆ ಹೋಗುತ್ತಾರೆ.

ಆ ಗೆಳೆಯ ಈಗ ನಮ್ಮ ಸಂಘದ ಸದಸ್ಯ. ಮೊನ್ನೆ ಕರೆಂಟು ಹೋಗಿ ಕೌಂಟರಿನ ಕಂಪ್ಯೂಟರು ನಿಂತಾಗ, ತನ್ನ ಬೆಳೆಸಾಲದ ಬಡ್ಡಿಯನ್ನು ನಿಂತಲ್ಲೇ ಪೈಸೆ ಸಮೇತ ಹೇಳಿದ. ಕರೆಂಟು ಬಂದ ಮೇಲೆ ಹುಡುಗಿ ನೋಡಿದರೆ ಲೆಕ್ಕ ಸರಿ. ಹೊರಗೆ ಬರುವಾಗ ನಮ್ಮ ಹೆಗಲ ಮೇಲೆ ಕೈಯಿಟ್ಟು ಹೇಳಿದ: "ಬಡ್ಡಿ ಗೊತ್ತಾತ್ ಮಾರಾಯಾ. ಆ ಅಕ್ಷರ ಕೂಡ್ಸುದ್ ಹ್ಯಾಂಗ್ ಅಂದೇಳಿ ಮಾತ್ರ ಇನ್ನೂ ಗೊತ್ತಾಯ್ಲ."